ಕಾರ್ಖಾನೆ ಮುಚ್ಚಿದರೂ ಓಡುವ ಗಾಡಿ

2001ರಲ್ಲಿ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಿಗೆ ನೀರು ತುಂಬಿತು. ಅದಕ್ಕೆ ಐದು ವರ್ಷ ಮೊದಲು, 1996ರಲ್ಲಿ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಹಾಕಿತ್ತು. ಅಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನ ಮೋಟಾರ್‌ಸೈಕಲ್‌ಗಳು ತಯಾರಾಗುತ್ತಿದ್ದವು.

ಕಾರ್ಮಿಕರ ಕೆಲಸ ಹೋಯಿತು, ಗಾಡಿಗಳು ಮಾತ್ರ ನಿಲ್ಲಲಿಲ್ಲ. ಏಕೆ ಗೊತ್ತೇ? ಆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳೇ ಇಲ್ಲ. ಬಿಚ್ಚಿ ಜೋಡಿಸುವುದನ್ನು ಮಾಲೀಕನೇ ಕಲಿಯಬಹುದು. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಸೈಲೆನ್ಸರಿನ ಮಸಿ ಕೆರೆಯುವುದು ಅವನಿಗೆ ರೂಢಿ. ಗೇರಿನ ಲಿವರನ್ನೇ ಒಳಕ್ಕೊತ್ತಿ ತಿರುಗಿಸಿದರೆ ಅದೇ ಕಿಕ್ಕರ್! (ಗುಟ್ಟು ತಿಳಿಯದ ಕಳ್ಳ ಪೇಚಾಡಬೇಕಾದೀತು.) ಬಿಡಿಭಾಗ ಸಿಗದಾಗ ಇನ್ನೊಂದು ಹಳೆಯ ಗಾಡಿಯಿಂದ ಕಳಚಿ ಹಾಕಿದವರೂ ಉಂಟು. ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನದಂದು, ಈ ಗಾಡಿಗಳು ಇಂದಿಗೂ ಸಾಲುಗಟ್ಟಿ ಬೀದಿಗಿಳಿಯುತ್ತವೆ.