ಪಿ.ಎಲ್. 480: ಗೋಧಿ ನೆರವಿನ ರಾಜಕಾರಣ

1954ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅಂಕಿತ ಹಾಕಿದ ಕೃಷಿ ವ್ಯಾಪಾರಾಭಿವೃದ್ಧಿ ಮತ್ತು ನೆರವು ಕಾಯಿದೆಯು ಆ ದೇಶದ ಸಾರ್ವಜನಿಕ ಕಾನೂನುಗಳ ಪಟ್ಟಿಯಲ್ಲಿ 480ನೆಯದಾಗಿದ್ದುದರಿಂದ, ಭಾರತದಲ್ಲಿ ಅದು ಪಿ.ಎಲ್. 480 ಎಂದೇ ಪರಿಚಿತವಾಯಿತು. ಹಸಿದ ದೇಶಗಳ ಮೇಲಿನ ಕನಿಕರವೊಂದೇ ಈ ಕಾಯಿದೆಗೆ ಕಾರಣವಾಗಿರಲಿಲ್ಲ. ಕೊರಿಯಾ ಯುದ್ಧ ಮುಗಿದ ಮೇಲೆ ಧಾನ್ಯದ ಬೇಡಿಕೆ ಕುಸಿದಿತ್ತು. ತನ್ನ ರೈತರಿಗೆ ನಿಗದಿತ ಬೆಲೆಯ ಭರವಸೆ ಕೊಟ್ಟಿದ್ದ ಅಮೆರಿಕ ಸರ್ಕಾರ ಕೊಂಡು ಶೇಖರಿಸಿದ ಗೋಧಿ, ಹತ್ತಿ, ಹಾಲಿನ ಪುಡಿಗಳಿಂದ ಅಲ್ಲಿನ ಉಗ್ರಾಣಗಳು ತುಂಬಿಹೋಗಿದ್ದವು. ಈ ಹೆಚ್ಚುವರಿಯನ್ನು ಕರಗಿಸುವುದು, ಹೊಸ ಮಾರುಕಟ್ಟೆಗಳನ್ನು ಹುಡುಕುವುದು ಮತ್ತು ಶೀತಲ ಸಮರದಲ್ಲಿ ಮಿತ್ರರನ್ನು ಗಳಿಸುವುದು ಎಂಬ ಮೂರು ಉದ್ದೇಶಗಳು ಒಂದೇ ಕಾಯಿದೆಯೊಳಗೆ ಸೇರಿಕೊಂಡಿದ್ದವು.

ಇದಕ್ಕೆ ಮೊದಲೇ ಭಾರತಕ್ಕೆ ಇಂಥ ನೆರವಿನ ಅನುಭವವಾಗಿತ್ತು. 1951ರಲ್ಲಿ ಆಹಾರದ ಅಭಾವ ಎದುರಾದಾಗ ಭಾರತವು 20 ಲಕ್ಷ ಟನ್ ಧಾನ್ಯವನ್ನು ಕೇಳಿತ್ತು. ಕೊರಿಯಾ ಮತ್ತು ಚೀನಾದ ವಿಷಯದಲ್ಲಿ ಜವಾಹರಲಾಲ್ ನೆಹರೂ ತಳೆದ ನಿಲುವಿನಿಂದ ಅಸಮಾಧಾನಗೊಂಡಿದ್ದ ಅಮೆರಿಕದ ಸಂಸದರು ತಿಂಗಳುಗಟ್ಟಲೆ ಚರ್ಚಿಸಿ, ಕೊನೆಗೆ ಜೂನ್‌ನಲ್ಲಿ 19 ಕೋಟಿ ಡಾಲರ್‌ಗಳ ಸಾಲದ ರೂಪದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು.

ಪಿ.ಎಲ್. 480ರ ಅಡಿಯಲ್ಲಿ ಭಾರತ ಮಾಡಿಕೊಂಡ ಮೊದಲ ಒಪ್ಪಂದ 1956ರ ಆಗಸ್ಟ್‌ನದು. ಅದರ ವ್ಯವಸ್ಥೆ ಭಾರತದ ಯೋಜನಾಕಾರರಿಗೆ ತುಂಬ ಅನುಕೂಲಕರವಾಗಿ ಕಂಡಿತು. ಗೋಧಿಯ ಬೆಲೆಯನ್ನು ಡಾಲರ್‌ಗಳಲ್ಲಿ ಕೊಡಬೇಕಾಗಿರಲಿಲ್ಲ. ಅದಕ್ಕೆ ಸಮನಾದ ರೂಪಾಯಿಯನ್ನು ಭಾರತದಲ್ಲೇ ಅಮೆರಿಕದ ಖಾತೆಗೆ ಜಮಾ ಮಾಡಿದರೆ ಸಾಕಿತ್ತು, ಮತ್ತು ಆ ಮೊತ್ತದ ಬಹುಪಾಲು ಸಾಲವಾಗಿ ಅಥವಾ ಅನುದಾನವಾಗಿ ಭಾರತದ ಅಭಿವೃದ್ಧಿ ಕಾರ್ಯಗಳಿಗೇ ಮರಳಿ ಬರುತ್ತಿತ್ತು. ಉಕ್ಕಿನ ಕಾರ್ಖಾನೆಗಳಿಗೂ ಯಂತ್ರಗಳಿಗೂ ವಿದೇಶಿ ವಿನಿಮಯವನ್ನು ಮೀಸಲಿಡಬೇಕೆಂದಿದ್ದ ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಇದು ದೊಡ್ಡ ಆಸರೆಯಾಯಿತು. 1960ರ ಮೇ 4ರಂದು ಆಹಾರ ಸಚಿವ ಎಸ್.ಕೆ. ಪಾಟೀಲರು ಐಸೆನ್‌ಹೋವರ್ ಅವರೊಂದಿಗೆ ಸಹಿ ಮಾಡಿದ ಒಪ್ಪಂದದ ಪ್ರಕಾರ ನಾಲ್ಕು ವರ್ಷಗಳಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿ ಬರಬೇಕಾಗಿತ್ತು.

ಈ ಸುಲಭ ಪೂರೈಕೆಯ ಬಗ್ಗೆ ಎಚ್ಚರಿಕೆ ಕೊಟ್ಟವರೂ ಇದ್ದರು. ಅಗ್ಗದ ಆಮದು ಸ್ಥಳೀಯ ಧಾರಣೆಯನ್ನು ಇಳಿಸಿ ರೈತನ ಉತ್ಸಾಹವನ್ನು ಕುಗ್ಗಿಸುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಜ್ 1960ರಲ್ಲೇ ವಾದಿಸಿದರು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ ಹುಟ್ಟಿದ, ಎರಡನೆಯ ಯೋಜನೆಯ ಖೋತಾ ಹಣಕಾಸಿಗೆ 1955ರಲ್ಲಿ ಒಬ್ಬಂಟಿಯಾಗಿ ಭಿನ್ನಮತ ದಾಖಲಿಸಿದ ಬಿ.ಆರ್. ಶೆಣೈ ಅವರು ಪಿ.ಎಲ್. 480ರ ರೂಪಾಯಿ ನಿಧಿಯ ಬಳಕೆಯಲ್ಲಿ ಹಣದುಬ್ಬರದ ಅಪಾಯವನ್ನೂ ಕಂಡರು. ಶೆಣೈ ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಾಗಿಲ್ಲ. ಆದರೆ ಹಡಗು ತಪ್ಪದೆ ಬರುತ್ತದೆಂಬ ನಂಬಿಕೆ ದೆಹಲಿಯಲ್ಲಿ ಕೃಷಿಯನ್ನು ಹಿಂದಕ್ಕೆ ಸರಿಸಿತೆಂಬ ಅಂಶವನ್ನು ಮುಂದಿನ ಘಟನೆಗಳೇ ತೋರಿಸಿಕೊಟ್ಟವು.

1964ರ ನಂತರ ಪರಿಸ್ಥಿತಿ ಬದಲಾಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿಯ ಒಪ್ಪಂದಕ್ಕೆ ಬದಲಾಗಿ ಆಗಾಗ ಸ್ವಲ್ಪ ಸ್ವಲ್ಪವೇ ಧಾನ್ಯ ಬಿಡುಗಡೆ ಮಾಡುವ ಕ್ರಮವನ್ನು ಹಿಡಿದರು. ಮೇಯುವ ದನವನ್ನು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟುವಂತಿದ್ದ ಈ ಕ್ರಮಕ್ಕೆ ರಾಜತಾಂತ್ರಿಕರಲ್ಲಿ ‘ಷಾರ್ಟ್ ಟೆದರ್’ ಎಂಬ ಹೆಸರೇ ಬಿದ್ದಿತು. 1965ರ ಸೆಪ್ಟೆಂಬರ್‌ನ ಭಾರತ–ಪಾಕಿಸ್ತಾನ ಯುದ್ಧ ಮತ್ತು ಅದೇ ವರ್ಷದ ಅನಾವೃಷ್ಟಿ ಒಟ್ಟಿಗೆ ಬಂದೆರಗಿ, 1964–65ರಲ್ಲಿ 8.9 ಕೋಟಿ ಟನ್ ಇದ್ದ ದೇಶದ ಆಹಾರ ಧಾನ್ಯದ ಉತ್ಪಾದನೆ ಮರುವರ್ಷ ಸುಮಾರು 7.2 ಕೋಟಿ ಟನ್‌ಗೆ ಇಳಿಯಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರದ ಸಂಜೆಯ ಊಟವನ್ನು ಬಿಡುವಂತೆ ಜನರಿಗೆ ಕರೆ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ಅದೇ ನವೆಂಬರ್‌ನಲ್ಲಿ ರೋಮ್‌ನಲ್ಲಿ ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ ಅವರು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಅವರನ್ನು ಭೇಟಿಯಾಗಿ, ಗೊಬ್ಬರ, ಬೀಜ ಮತ್ತು ಕೃಷಿ ಹೂಡಿಕೆಯನ್ನು ಹೆಚ್ಚಿಸುವ ಷರತ್ತುಗಳಿಗೆ ಒಪ್ಪಿದರು. ಈ ಷರತ್ತುಗಳಲ್ಲಿ ಹಲವು ಸುಬ್ರಹ್ಮಣ್ಯಂ ಅವರೇ ಸಚಿವ ಸಂಪುಟದಲ್ಲಿ ಮೊದಲಿನಿಂದ ಪ್ರತಿಪಾದಿಸುತ್ತಿದ್ದ ಸುಧಾರಣೆಗಳಾಗಿದ್ದುದರಿಂದ, ಹೊಸ ಕೃಷಿ ನೀತಿ ಪೂರ್ತಿಯಾಗಿ ವಾಷಿಂಗ್ಟನ್ ಹೇರಿದ್ದೆಂದು ಹೇಳುವುದು ಆ ಕಾಲದ ಭಾರತೀಯ ಆಡಳಿತಗಾರರಿಗೂ ವಿಜ್ಞಾನಿಗಳಿಗೂ ಅನ್ಯಾಯ ಮಾಡಿದಂತಾಗುತ್ತದೆ.

1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ಬಂದಿತು. ಆ ಜೂನ್ 6ರಂದು ಡಾಲರ್‌ನ ಬೆಲೆಯನ್ನು 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿಸಿ ಅಮೆರಿಕ ಬಯಸಿದ್ದಂತೆ ರೂಪಾಯಿಯನ್ನು ಅಪಮೌಲ್ಯಗೊಳಿಸಿದ್ದರೂ, ಜುಲೈಯಲ್ಲಿ ಇಂದಿರಾ ಗಾಂಧಿಯವರು ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಬೇಕೆಂದು ಹೇಳಿದ್ದು ಜಾನ್ಸನ್‌ರನ್ನು ಕೆರಳಿಸಿತು. ಬಿಹಾರದಲ್ಲಿ ಮತ್ತೆ ಮಳೆ ಕೈಕೊಟ್ಟ ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊಸ ಮಂಜೂರಾತಿಗಳು ತಡೆಯಲ್ಪಟ್ಟವು. ಇಷ್ಟಾದರೂ ಬಂದ ಗೋಧಿ ಲಕ್ಷಾಂತರ ಜೀವಗಳನ್ನು ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಉಳಿಸುವ ಸಾಮರ್ಥ್ಯವಿದ್ದೂ ಕಾಯಿಸಿದ್ದನ್ನು ಮನ್ನಿಸುವುದೂ ಕಷ್ಟ.

ಕನ್ನಡ ನಾಡಿನಲ್ಲಿ ಈ ನೆರವಿನ ಇನ್ನೊಂದು ಮುಖ ಕಾಣಿಸಿತು. ಕಾಯಿದೆಯ ದಾನದ ಭಾಗದಡಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಬಂದ ಆಹಾರ ಪದಾರ್ಥಗಳಿಂದ ಶಾಲೆಗಳಲ್ಲಿ ಉಪ್ಪಿಟ್ಟು ಮತ್ತು ಪುಡಿಹಾಲು ಹಂಚಲ್ಪಟ್ಟವು. ಒಂದು ತಲೆಮಾರಿನ ಮಕ್ಕಳು ಅಮೆರಿಕವನ್ನು ಮೊದಲು ತಿಳಿದದ್ದು ಆ ಉಪ್ಪಿಟ್ಟಿನ ರುಚಿಯಿಂದ. ಪಾರ್ಥೇನಿಯಂ ಕಳೆ ಈ ಗೋಧಿಯೊಂದಿಗೇ ಬಂದಿತೆಂಬ ನಂಬಿಕೆ ವ್ಯಾಪಕವಾಗಿದ್ದರೂ, 19ನೆಯ ಶತಮಾನದ ಆರಂಭದ ಸಸ್ಯಪಟ್ಟಿಯಲ್ಲೇ ಅದರ ಉಲ್ಲೇಖ ಇರುವುದರಿಂದ ಆ ನಂಬಿಕೆಯನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಹೆಚ್ಚು ಖಚಿತವಾಗಿ ಹೇಳಬಹುದಾದದ್ದು ಪುಸ್ತಕಗಳ ವಿಷಯ: 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಿ.ಎಲ್. 480ರ ರೂಪಾಯಿಗಳಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು, ಮತ್ತು ಕನ್ನಡದ ಕಾದಂಬರಿ, ವಿಮರ್ಶೆ, ಶಾಸನ ಸಂಪುಟಗಳು ಆ ದೇಶದ ಗ್ರಂಥಾಲಯಗಳನ್ನು ಸೇರಲು ಗೋಧಿಯ ಹಣವೇ ದಾರಿಯಾಯಿತು.

1965ರಲ್ಲಿ ಸ್ಥಾಪಿತವಾದ ಭಾರತೀಯ ಆಹಾರ ನಿಗಮ ಮತ್ತು ಕೃಷಿ ಬೆಲೆ ಆಯೋಗ, 1966ರಲ್ಲಿ ಮೆಕ್ಸಿಕೊದಿಂದ ತರಿಸಿದ 18,000 ಟನ್ ಗಿಡ್ಡ ತಳಿಯ ಬಿತ್ತನೆ ಗೋಧಿ, ಮತ್ತು ಪಂಜಾಬಿನ ನೀರಾವರಿ ಇವೆಲ್ಲ ಕೂಡಿ 1968ರಲ್ಲಿ ದಾಖಲೆಯ ಬೆಳೆ ಬಂದಿತು. 1971ರ ಕೊನೆಗೆ ಭಾರತ ರಿಯಾಯಿತಿ ಆಮದನ್ನು ನಿಲ್ಲಿಸಿತು. ರಾಶಿಯಾಗಿ ಉಳಿದಿದ್ದ ರೂಪಾಯಿ ನಿಧಿಯಲ್ಲಿ 1,664 ಕೋಟಿ ರೂಪಾಯಿಗಳ ಚೆಕ್ ಅನ್ನು 1974ರ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಭಾರತ ಸರ್ಕಾರಕ್ಕೆ ಒಪ್ಪಿಸಿದರು.

ಅದೇ 1974ರಲ್ಲಿ ಪ್ರವಾಹಕ್ಕೂ ಕ್ಷಾಮಕ್ಕೂ ಸಿಕ್ಕಿದ್ದ ಬಾಂಗ್ಲಾದೇಶ, ಕ್ಯೂಬಾಕ್ಕೆ ಸೆಣಬಿನ ಚೀಲಗಳನ್ನು ಮಾರಿದ ಕಾರಣಕ್ಕೆ ಪಿ.ಎಲ್. 480ರ ನೆರವಿಗೆ ಅರ್ಹತೆ ಕಳೆದುಕೊಂಡಿತು. ಕ್ಯೂಬಾ ವ್ಯಾಪಾರವನ್ನು ಕೈಬಿಟ್ಟ ಮೇಲೆ ಧಾನ್ಯ ಹೊರಟಿತಾದರೂ, ಅದು ತಲುಪುವ ಹೊತ್ತಿಗೆ ಕ್ಷಾಮದ ಅತಿ ಕಠೋರ ತಿಂಗಳುಗಳು ಕಳೆದುಹೋಗಿದ್ದವು. ಬೇಡುವ ಸ್ಥಾನದಿಂದ ಕೊಡುವ ಸ್ಥಾನಕ್ಕೆ ಬಂದಿರುವ ಭಾರತ 2022ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿಯ ನೆರವನ್ನು ಪಾಕಿಸ್ತಾನದ ನೆಲದ ಮೂಲಕ ಕಳುಹಿಸಲು ಆರಂಭಿಸಿತು. ಮೂರು ತಿಂಗಳ ನಂತರ ಗೋಧಿ ರಫ್ತನ್ನೇ ನಿಷೇಧಿಸಿದಾಗ, ಆಹಾರ ಭದ್ರತೆಗಾಗಿ ಕೋರಿಕೆ ಸಲ್ಲಿಸುವ ಸರ್ಕಾರಗಳಿಗೆ ಅನುಮತಿ ನೀಡುವ ಅಧಿಕಾರವನ್ನು ಅದು ತನ್ನ ಕೈಯಲ್ಲೇ ಉಳಿಸಿಕೊಂಡಿತು.