ಟ್ರ್ಯಾಕಿನ ಅಗಲ: ಗೃಹಬಳಕೆಯ ಮಿನಿ-ಡಿವಿ ಕ್ಯಾಮೆರಾದ ಮೌಲ್ಯಮಾಪನದಲ್ಲಿ ಒಂದು ತಕರಾರು

ಡಿವಿ ಕ್ಯಾಮೆರಾಗಳು 1995ರಲ್ಲಿ ಮಾರುಕಟ್ಟೆಗೆ ಬಂದವು. ಸಿಸಿಡಿ ಎಷ್ಟು, ಝೂಮ್ ಎಷ್ಟು, ಮಂದ ಬೆಳಕಿನಲ್ಲಿ ಚಿತ್ರ ಹೇಗೆ ಎಂಬ ಮೂರು ಪ್ರಶ್ನೆಗಳಿಂದ ಅವನ್ನು ಅಳೆಯಬೇಕೆಂಬುದರಲ್ಲಿ ವಿಮರ್ಶಕರಿಗೆ ಭಿನ್ನಮತವಿಲ್ಲ. ಮಧ್ಯಮ ಶ್ರೇಣಿಯ ನಿದರ್ಶನವಾಗಿ ಸೋನಿಯ ಡಿಸಿಆರ್-ಟಿಆರ್‌ವಿ900 (1998) ಕ್ಯಾಮೆರಾವನ್ನು ತೆಗೆದುಕೊಂಡರೆ, ಕಾಲಂಗುಲದ ಮೂರು ಸಿಸಿಡಿ ಮತ್ತು 12 ಪಟ್ಟು ಝೂಮ್ ಅದರ ಹೆಗ್ಗಳಿಕೆ. ಅಷ್ಟು ಸಾಕು.

ತಕರಾರು ಇರುವುದು ಎಲ್‌ಪಿ ಕ್ರಮದ ಬಗ್ಗೆ. 60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ಹಿಡಿಸುವ ಈ ಸೌಲಭ್ಯ ಚಿತ್ರದ ಗುಣವನ್ನು ಕುಗ್ಗಿಸುತ್ತದೆ ಎಂಬುದು ರೂಢಿಯ ನಂಬಿಕೆ. ಇದು ವಿಎಚ್‌ಎಸ್ ಕಾಲದ ಅನುಭವದಿಂದ ಬಂದದ್ದು. ಅಲ್ಲಿ ಟೇಪು ನಿಧಾನವಾದಷ್ಟೂ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತಿತ್ತು. ಡಿವಿಯಲ್ಲಿ ಹಾಗಲ್ಲ. ಸಾಮಾನ್ಯ ವೇಗದ ಎಸ್‌ಪಿಯಾಗಲಿ ಎಲ್‌ಪಿಯಾಗಲಿ, ಚಿತ್ರದ ದತ್ತಾಂಶ ಸೆಕೆಂಡಿಗೆ ಸುಮಾರು 25 ಮೆಗಾಬಿಟ್ಟೇ. ಪಾಲ್ ಪದ್ಧತಿಯಲ್ಲಿ ಒಂದು ಫ್ರೇಮಿಗೆ 12 ಟ್ರ್ಯಾಕುಗಳೇ. ಟ್ರ್ಯಾಕಿನ ಅಗಲ ಮಾತ್ರ 10 ಮೈಕ್ರಾನಿನಿಂದ 6.7ಕ್ಕೆ ಇಳಿಯುತ್ತದೆ.

ಹಾಗಾದರೆ ಎಲ್‌ಪಿ ನಿರಪಾಯವೆ? ಬಿಟ್ಟುಗಳು ಒಂದೇ ಎಂದ ಮೇಲೆ ಚಿಂತೆಯೇಕೆ ಎನ್ನುವವರ ವಾದವನ್ನೂ ಒಪ್ಪಲಾರೆ. ಟಿಆರ್‌ವಿ900ರ ವೃತ್ತಿಪರ ಜೋಡಿಯಾದ ಡಿಎಸ್ಆರ್-ಪಿಡಿ100 ಇಲ್ಲಿ ಮುಖ್ಯ ಸಾಕ್ಷ್ಯ. ಲೆನ್ಸು, ಸಿಸಿಡಿಗಳು ಹೆಚ್ಚುಕಡಿಮೆ ಅವೇ. ಚಿತ್ರವನ್ನು ಸಂಕುಚಿಸುವ ರೀತಿಯೂ ಅದೇ. ಆದರೆ ಅದರ ಡಿವಿಕ್ಯಾಮ್ ಕ್ರಮದಲ್ಲಿ ಟ್ರ್ಯಾಕು 15 ಮೈಕ್ರಾನ್ ಅಗಲ, 60 ನಿಮಿಷದ ಕ್ಯಾಸೆಟ್ಟಿನಲ್ಲಿ 40 ನಿಮಿಷವಷ್ಟೇ ಹಿಡಿಯುತ್ತದೆ. ಚಿತ್ರ ಒಂದಿಷ್ಟೂ ಉತ್ತಮವಾಗದಿದ್ದರೂ ಮೂರನೆಯ ಒಂದು ಪಾಲು ಅವಧಿಯನ್ನು ಬಿಟ್ಟುಕೊಟ್ಟದ್ದು ಯಾವ ಲಾಭಕ್ಕೆ? ಒಂದು ಯಂತ್ರದಲ್ಲಿ ಬರೆದದ್ದನ್ನು ಇನ್ನೊಂದು ಯಂತ್ರ ತಪ್ಪದೆ ಓದಲಿ ಎಂಬುದಕ್ಕೆ. ಟ್ರ್ಯಾಕು ಕಿರಿದಾದಷ್ಟೂ ಹೆಡ್ಡು ಅದರ ಮೇಲೆ ಕರಾರುವಾಕ್ಕಾಗಿ ಕೂರಬೇಕು. ಜೋಡಣೆ ತುಸು ತಪ್ಪಿ ದೋಷ ತಿದ್ದುವ ವ್ಯವಸ್ಥೆಯ ಅಳವು ಮೀರಿದರೆ ಪರದೆಯ ಮೇಲೆ ಚೌಕಗಳು ಮೂಡುತ್ತವೆ, ಮಾತು ತುಂಡಾಗುತ್ತದೆ. ಮಗುವಿನ ತೊದಲು ಅಂಥ ಕಡೆ ಕಳೆದುಹೋದರೆ ಅದನ್ನು ಯಾವ ಮೂರು ಸಿಸಿಡಿಯೂ ಮರಳಿಸದು.

ಆದ್ದರಿಂದ ನನ್ನ ಪ್ರತಿಪಾದನೆ ಇದು: ಗೃಹಬಳಕೆಯ ಟೇಪ್ ಕ್ಯಾಮೆರಾವನ್ನು ಚಿತ್ರ ಹಿಡಿಯುವ ಯಂತ್ರವೆಂದು ಅಳೆಯುವ ಮೊದಲು ಓದುವ ಯಂತ್ರವೆಂದು ಅಳೆಯಬೇಕು. ಮನೆಯಲ್ಲಿ ಬಹುಮಟ್ಟಿಗೆ ಎರಡನೆಯ ಯಂತ್ರ ಇರುವುದಿಲ್ಲ. ಕ್ಯಾಮೆರಾ ಕೆಟ್ಟ ದಿನ ಕ್ಯಾಸೆಟ್ಟುಗಳು ಪರಯಂತ್ರದ ಪಾಲು. ಈ ಮಾತಿಗೆ ಮಿತಿಗಳುಂಟು. ಬರೆದ ಯಂತ್ರದಲ್ಲೇ, ಅದು ಸುಸ್ಥಿತಿಯಲ್ಲಿರುವಾಗಲೇ, ಫೈರ್‌ವೈರ್ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡವರಿಗೆ ಎಲ್‌ಪಿಯಿಂದ ನಷ್ಟವಾಗಬೇಕಿಲ್ಲ. ಡಿವಿಕ್ಯಾಮ್‌ನ ಅಗಲಕ್ಕೆ ಎಡಿಟಿಂಗ್ ಕೋಣೆಗಳ ಅಗತ್ಯವೂ ಕಾರಣವಾಗಿದ್ದುದರಿಂದ ಅದೊಂದನ್ನೇ ಪೂರ್ಣ ಪ್ರಮಾಣವೆನ್ನಲಾಗದು. 18 ಮೈಕ್ರಾನ್ ಅಗಲದ ಟ್ರ್ಯಾಕಿನ ಡಿವಿಸಿಪ್ರೊ ಎಂಬ ಇನ್ನೊಂದು ವೃತ್ತಿಪರ ಕ್ರಮವನ್ನು ಬೇಕೆಂದೇ ಹೊರಗಿಟ್ಟಿದ್ದೇನೆ. ಪಾಲ್‌ನಲ್ಲಿ ಅದು ಬಣ್ಣವನ್ನು ದಾಖಲಿಸುವ ಕ್ರಮವೇ ಬೇರೆ, ಹೋಲಿಕೆ ಶುದ್ಧವಾಗದು.

ಮಲೆನಾಡಿನಂಥ ತೇವದ ಹವೆಯಲ್ಲಿ ವರ್ಷಗಟ್ಟಲೆ ಇದ್ದ ಟೇಪುಗಳಲ್ಲಿ ಟ್ರ್ಯಾಕಿನ ಅಗಲಕ್ಕೂ ಹಾನಿಗೂ ಎಷ್ಟು ನಂಟಿದೆ ಎಂಬುದನ್ನು ಈ ವಾದ ನಿರ್ಣಯಿಸುವುದಿಲ್ಲ. ಒಂದೇ ಕ್ಯಾಮೆರಾದಲ್ಲಿ ಎಸ್‌ಪಿ, ಎಲ್‌ಪಿ ಎರಡೂ ಕ್ರಮಗಳಲ್ಲಿ ಬರೆದು, ಒಂದೇ ಕಪಾಟಿನಲ್ಲಿ ಇಟ್ಟ ಕ್ಯಾಸೆಟ್ಟುಗಳು ಸಿಕ್ಕರೆ ಅದನ್ನು ಪರೀಕ್ಷಿಸಬಹುದು.