ಹೆಸರಿನ ಹಂಗು: ಬಗ್ದಾದ್ ತೊರೆದ ಇಮಾಮ್ ಗಝ್ಝಾಲಿ

ಕ್ರಿ.ಶ. 1091ರಲ್ಲಿ ಇಮಾಮ್ ಗಝ್ಝಾಲಿ(ರ) ಬಗ್ದಾದಿಗೆ ಬಂದಾಗ ಅಲ್ಲಿನವರು ಅವರ ಉಡುಪಿಗೂ ಸವಾರಿಗೂ ಬೆಲೆ ಕಟ್ಟಿ ನೋಡಿದರಂತೆ. 500 ದೀನಾರ್ ಆಯಿತು. ಕೆಲವು ವರ್ಷಗಳ ನಂತರ ಅದೇ ವ್ಯಕ್ತಿ ಅದೇ ಊರಿಗೆ ಮರಳಿ ಬಂದಾಗ ಮೈಮೇಲಿದ್ದ ಬಟ್ಟೆಗೆ ಮತ್ತೆ ಬೆಲೆ ಕಟ್ಟಿದರು. ಈ ಸಲ 15 ಕೀರಾತ್, ಅಂದರೆ ಒಂದು ದೀನಾರ್ ಕೂಡ ಆಗದ ಮೊತ್ತ. ಇತಿಹಾಸಕಾರ ಇಬ್ನುಲ್ ಜೌಝಿ ದಾಖಲಿಸಿರುವ ಈ ಪುಟ್ಟ ಮಾತಿನಲ್ಲಿ ನಮಗೆ ಎರಡು ವಿಷಯ ಕಾಣುತ್ತವೆ. ಒಂದು, ಆ ಮನುಷ್ಯ ಬದಲಾಗಿದ್ದರು. ಇನ್ನೊಂದು, ನೋಡುವವರು ಬದಲಾಗಿರಲಿಲ್ಲ. ಅವರು ಎರಡು ಸಲವೂ ಬೆಲೆಯನ್ನೇ ಕಟ್ಟುತ್ತಿದ್ದರು.

ಈ ಹಳೆಯ ಕಥೆಯನ್ನು ಈಗ ತೆಗೆಯಲು ಕಾರಣವಿದೆ. 1997ರ ಆಗಸ್ಟ್‌ನಲ್ಲಿ ಅಮೆರಿಕದ 'ಫಾಸ್ಟ್ ಕಂಪೆನಿ' ಪತ್ರಿಕೆಯಲ್ಲಿ ಟಾಮ್ ಪೀಟರ್ಸ್ ಎಂಬ ಲೇಖಕರು, ಪ್ರತಿಯೊಬ್ಬ ಮನುಷ್ಯನೂ ತನ್ನನ್ನು ತಾನು ಒಂದು ಬ್ರಾಂಡ್ ಎಂದು ಭಾವಿಸಬೇಕೆಂದು ಬರೆದರು. ಸೋಪು, ಶೂ, ತಂಪು ಪಾನೀಯಗಳಿಗೆ ಇರುವ ಹಾಗೆ ನಮ್ಮ ಹೆಸರಿಗೂ ಒಂದು ಗುರುತು, ಒಂದು ಭರವಸೆ, ಒಂದು ಮಾರುಕಟ್ಟೆ ಇರಬೇಕು ಎಂಬುದು ಅದರ ತಿರುಳು. ಆಗ ಅದು ಕಚೇರಿ ನೌಕರರಿಗೆ ಹೇಳಿದ ಮಾತಾಗಿತ್ತು. ಇಂದು ಬರೆಯುವವರು, ಭಾಷಣಕಾರರು, ಕೊನೆಗೆ ಧರ್ಮಬೋಧಕರೂ ಅದನ್ನೇ ಕೇಳಿಸಿಕೊಳ್ಳುತ್ತಿದ್ದಾರೆ. ಇದಕ್ಕೆ ಎದುರಾಗಿ, ಅದೆಲ್ಲ ಬೇಡ, ನೀವು ನೀವಾಗಿರಿ ಸಾಕು ಎಂಬ ಇನ್ನೊಂದು ಉಪದೇಶವೂ ಇದೆ. ಎರಡನೆಯದು ಕೇಳಲು ಹಿತವಾಗಿದೆ. ಆದರೆ ನೂರಾರು ಜನ ನೋಡುತ್ತಿರುವಾಗ 'ನಾನು' ಎಂಬುದು ಎಲ್ಲಿ ಮುಗಿಯುತ್ತದೆ, 'ತೋರಿಕೆ' ಎಲ್ಲಿ ಆರಂಭವಾಗುತ್ತದೆ ಎಂದು ಹೇಳುವುದು ಅಷ್ಟು ಸುಲಭವೇ? ಒಂಬೈನೂರು ವರ್ಷಗಳ ಹಿಂದೆ ಒಬ್ಬರು ಈ ಪ್ರಶ್ನೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿ ನೋಡಿದ್ದರು.

ಅಬೂ ಹಾಮಿದ್ ಮುಹಮ್ಮದ್ ಗಝ್ಝಾಲಿ ಹುಟ್ಟಿದ್ದು ಖುರಾಸಾನಿನ ತೂಸ್‌ನಲ್ಲಿ. ಸಾಮಾನ್ಯವಾಗಿ ಒಪ್ಪಲಾಗುವ ವರ್ಷ 1058. ತಂದೆ ಉಣ್ಣೆ ನೂಲುವ ಬಡವರು ಎಂದು ಜೀವನಚರಿತ್ರೆಕಾರ ಸುಬ್ಕಿ ಬರೆಯುತ್ತಾರೆ. ಸಾಯುವ ಮುನ್ನ ತಂದೆ ಇಬ್ಬರು ಮಕ್ಕಳನ್ನೂ ಇದ್ದ ಅಲ್ಪ ಹಣವನ್ನೂ ಒಬ್ಬ ಸೂಫಿ ಸ್ನೇಹಿತರಿಗೆ ಒಪ್ಪಿಸಿದರು. ಹಣ ಮುಗಿದಾಗ ಆ ಸ್ನೇಹಿತರು, ಇನ್ನು ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ಊಟವಾದರೂ ಸಿಗುತ್ತದೆ ಎಂದರಂತೆ. ನಾವು ವಿದ್ಯೆಯ ಬಾಗಿಲು ತಟ್ಟಿದ್ದು ಅಲ್ಲಾಹನಿಗಾಗಿ ಆಗಿರಲಿಲ್ಲ ಎಂಬ ಅರ್ಥದ ಮಾತನ್ನು ಗಝ್ಝಾಲಿ ಮುಂದೆ ನೆನಪಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಅನ್ನಕ್ಕಾಗಿ ಓದಿದ ಹುಡುಗ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ನಂತರ ನಿಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯತ್ವ. 1085ರಲ್ಲಿ ಗುರುಗಳು ತೀರಿಕೊಂಡ ಮೇಲೆ ಗಝ್ಝಾಲಿ ನೇರವಾಗಿ ಸಲ್ಜೂಕ್ ಸಾಮ್ರಾಜ್ಯದ ಪ್ರಬಲ ವಝೀರ ನಿಝಾಮುಲ್ ಮುಲ್ಕ್‌ರ ಆಸ್ಥಾನಕ್ಕೆ ಹೋದರು. ಅಂದಿನ ವಿದ್ವಾಂಸರಿಗೆ ಹೆಸರು ಬರುತ್ತಿದ್ದುದು ಪುಸ್ತಕದಿಂದ ಮಾತ್ರವಲ್ಲ, ವಾದಸಭೆಗಳಿಂದ. ವಝೀರರ ಮುಂದೆ ಇಬ್ಬರು ವಿದ್ವಾಂಸರನ್ನು ಎದುರುಬದುರು ಕೂರಿಸುವುದು, ಒಬ್ಬರು ಸೋಲುವುದು, ಇನ್ನೊಬ್ಬರ ಹೆಸರು ಊರೂರಿಗೆ ಹರಡುವುದು. ಗೆದ್ದವರಿಗೆ ಬಿರುದು, ಗೌರವಧನ, ಹುದ್ದೆ. ಗಝ್ಝಾಲಿ ಗೆಲ್ಲುತ್ತಾ ಹೋದರು. 1091ರಲ್ಲಿ, ಸುಮಾರು 33ನೇ ವಯಸ್ಸಿನಲ್ಲಿ, ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಧಾನ ಅಧ್ಯಾಪಕರಾದರು. ಎದುರಿಗೆ 300 ವಿದ್ಯಾರ್ಥಿಗಳು. ಈ ಸಂಖ್ಯೆಯನ್ನು ಅವರೇ ಕೊಟ್ಟಿದ್ದಾರೆ. ಬಿಡುವಿನ ವೇಳೆಯಲ್ಲಿ ತತ್ವಶಾಸ್ತ್ರವನ್ನು ಗುರುವಿಲ್ಲದೆ ಓದಿ, ಆ ತತ್ವಜ್ಞಾನಿಗಳ ವಿರುದ್ಧವೇ 'ತಹಾಫುತುಲ್ ಫಲಾಸಿಫಾ' ಎಂಬ ಗ್ರಂಥ ಬರೆದರು. ಖಲೀಫ ಮುಸ್ತಝ್‌ಹಿರ್‌ಗಾಗಿ ಬಾತಿನೀ ಪಂಥದ ವಿರುದ್ಧ ಇನ್ನೊಂದು ಗ್ರಂಥ ಬರೆದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆ ಹೆಸರಿಗೆ ಆಗ ಕೊರತೆ ಇದ್ದದ್ದು ಯಾವುದೂ ಇಲ್ಲ.

ಈ ವ್ಯವಸ್ಥೆ ವಿದ್ಯೆಯನ್ನು ಏನು ಮಾಡುತ್ತದೆ ಎಂಬುದಕ್ಕೆ ಅವರೇ ಕೊಟ್ಟ ಒಂದು ಉದಾಹರಣೆ ನಮಗೆ ಬಹಳ ಇಷ್ಟ. ಅದು 'ಇಹ್ಯಾ ಉಲೂಮಿದ್ದೀನ್' ಗ್ರಂಥದ ಮೊದಲ ಭಾಗದಲ್ಲಿದೆ. ಎಷ್ಟೋ ಪಟ್ಟಣಗಳಲ್ಲಿ ಮುಸ್ಲಿಮ್ ವೈದ್ಯ ಒಬ್ಬನೂ ಇಲ್ಲ. ಮುಸ್ಲಿಮೇತರ ವೈದ್ಯರನ್ನೇ ಅವಲಂಬಿಸಬೇಕು. ವೈದ್ಯ ಕಲಿಯುವುದು ಸಮಾಜದ ಮೇಲಿನ ಹೊಣೆ ಎಂದು ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಮುಗಿಬೀಳುವುದು ಫಿಕ್‌ಹ್‌ನ ಕಡೆಗೆ, ಅದರಲ್ಲೂ ವಾದಕ್ಕೆ ಒದಗುವ ಭಿನ್ನಾಭಿಪ್ರಾಯಗಳ ಕಡೆಗೆ. ಯಾಕೆ? ವೈದ್ಯ ಕಲಿತರೆ ವಕ್ಫ್‌ನ ಉಸ್ತುವಾರಿ ಸಿಗುವುದಿಲ್ಲ, ಖಾಝಿ ಹುದ್ದೆ ಸಿಗುವುದಿಲ್ಲ, ಎದುರಾಳಿಯನ್ನು ಸಭೆಯಲ್ಲಿ ಮಣಿಸುವ ಅವಕಾಶವೂ ಇಲ್ಲ. ಹೊರಗಿನವನು ಹೀಗೆ ಹೇಳಿದ್ದರೆ ಅದನ್ನು ಹೊಟ್ಟೆಕಿಚ್ಚು ಎನ್ನಬಹುದಿತ್ತು. ಹೇಳಿದವರು ಆ ಪಂದ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದವರು.

1092ರಲ್ಲಿ ನಿಝಾಮುಲ್ ಮುಲ್ಕ್ ಹಂತಕನ ಚೂರಿಗೆ ಬಲಿಯಾದರು. ಕೆಲವೇ ವಾರಗಳಲ್ಲಿ ಸುಲ್ತಾನ್ ಮಲಿಕ್‌ಶಾ ಕೂಡ ತೀರಿಕೊಂಡರು. ಸಾಮ್ರಾಜ್ಯ ಅಂತಃಕಲಹಕ್ಕೆ ಬಿತ್ತು. 1095ರ ಜುಲೈ, ಹಿಜರಿ 488ರ ರಜಬ್ ತಿಂಗಳಲ್ಲಿ ಗಝ್ಝಾಲಿಯವರ ಒಳಗಿನ ತಳಮಳ ಹೊರಗೆ ಬಂತು. ತಮ್ಮ ಅಧ್ಯಾಪನದ ಹಿಂದಿನ ಉದ್ದೇಶವನ್ನು ಕೆದಕಿ ನೋಡಿದಾಗ ಅಲ್ಲಿ ಕಂಡದ್ದು ಹೆಸರಿನ ಹಂಬಲ ಮಾತ್ರ ಎಂದು ಅವರು ತಮ್ಮ 'ಅಲ್ ಮುನ್ಕಿದ್ ಮಿನದ್ದಲಾಲ್' ಎಂಬ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಸುಮಾರು ಆರು ತಿಂಗಳು ಹೋಗಬೇಕೇ ಇರಬೇಕೇ ಎಂಬ ತೂಗುಯ್ಯಾಲೆ. ಬೆಳಿಗ್ಗೆ ಹೊರಡುವ ನಿಶ್ಚಯ, ಸಂಜೆಗೆ ಅದು ಕರಗಿಹೋಗುವುದು. ಕೊನೆಗೆ ಪಾಠ ಹೇಳಲು ಕುಳಿತರೆ ನಾಲಗೆ ಏಳಲಿಲ್ಲ. ಅನ್ನ ನೀರು ಇಳಿಯಲಿಲ್ಲ. ಇದು ಹೃದಯಕ್ಕೆ ಸಂಬಂಧಿಸಿದ್ದು, ಔಷಧಿಯಿಂದ ಆಗುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದರು. ಹೆಸರು ತಂದುಕೊಟ್ಟ ನಾಲಗೆಯೇ ಮುಷ್ಕರ ಹೂಡಿತೆನ್ನಬೇಕು.

ಅದೇ ವರ್ಷ ನವೆಂಬರ್‌ನಲ್ಲಿ ಅವರು ಬಗ್ದಾದ್ ಬಿಟ್ಟರು. ಮಕ್ಕಳಿಗೆ ಬೇಕಾದಷ್ಟನ್ನು ಇಟ್ಟು ಉಳಿದದ್ದನ್ನು ಹಂಚಿದರು. ಮಕ್ಕಾಗೆ ಹೋಗುತ್ತೇನೆ ಎಂದು ಸಾರಿದರು; ಮನಸ್ಸಿನಲ್ಲಿದ್ದದ್ದು ಶಾಮ್. ನಿಜ ಹೇಳಿದ್ದರೆ ಖಲೀಫ ಮತ್ತು ಗೆಳೆಯರು ಬಿಡುತ್ತಿರಲಿಲ್ಲ. ಹೆಸರಿನಿಂದ ಬಿಡಿಸಿಕೊಳ್ಳಲು ಹೊರಟವರು ಮೊದಲ ಹೆಜ್ಜೆಯಲ್ಲೇ ಒಂದು ಮುಸುಕು ಹಾಕಿಕೊಳ್ಳಬೇಕಾಯಿತು. ದಮಾಸ್ಕಸ್‌ನಲ್ಲಿ ಉಮವೀ ಮಸೀದಿಯ ಮಿನಾರ ಹತ್ತಿ ಬಾಗಿಲು ಹಾಕಿಕೊಂಡು ದಿನವಿಡೀ ಕೂರುತ್ತಿದ್ದರು. ಬೈತುಲ್ ಮುಕದ್ದಸ್‌ಗೆ ಹೋದರು. 1096ರಲ್ಲಿ ಹೆಬ್ರಾನಿನ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು: ಯಾವ ಸುಲ್ತಾನನ ಹಣವನ್ನೂ ಮುಟ್ಟುವುದಿಲ್ಲ, ಯಾವ ಸುಲ್ತಾನನ ಆಸ್ಥಾನಕ್ಕೂ ಹೋಗುವುದಿಲ್ಲ, ಸಭೆಯಲ್ಲಿ ವಾದಕ್ಕೆ ಇಳಿಯುವುದಿಲ್ಲ. ಹೆಸರು ಯಾವ ಮೂರು ಕಾಲುಗಳ ಮೇಲೆ ನಿಂತಿತ್ತೋ ಅವುಗಳನ್ನೇ ಅವರು ಕಡಿಯಲು ಹೊರಟಿದ್ದರು.

'ಇಹ್ಯಾ' ಬರೆಯಲ್ಪಟ್ಟದ್ದು ಈ ಅಲೆದಾಟದ ವರ್ಷಗಳಲ್ಲಿ. ಅದರ 40 ಭಾಗಗಳಲ್ಲಿ 28ನೆಯದು 'ಜಾಹ್' ಮತ್ತು 'ರಿಯಾ' ಕುರಿತದ್ದು, ಅಂದರೆ ಪ್ರತಿಷ್ಠೆ ಮತ್ತು ತೋರಿಕೆ. ನಮ್ಮ ಕಾಲದ ಮಾರುಕಟ್ಟೆ ಪಂಡಿತರು ಓದಿದರೆ ಬೆಚ್ಚಿಬೀಳುವಷ್ಟು ಸ್ಪಷ್ಟವಾಗಿ ಅವರು ಇಲ್ಲಿ ಲೆಕ್ಕ ಬಿಡಿಸಿಡುತ್ತಾರೆ. ಸಂಪತ್ತು ಎಂದರೆ ವಸ್ತುಗಳ ಒಡೆತನ, ಪ್ರತಿಷ್ಠೆ ಎಂದರೆ ಹೃದಯಗಳ ಒಡೆತನ. ಹಣದಿಂದ ಪ್ರತಿಷ್ಠೆ ಗಳಿಸುವುದು ಕಷ್ಟ, ಪ್ರತಿಷ್ಠೆಯಿಂದ ಹಣ ಗಳಿಸುವುದು ಸುಲಭ. ಹಣವನ್ನು ಕಳ್ಳ ಕದಿಯಬಹುದು, ಹೃದಯದಲ್ಲಿರುವ ಗೌರವಕ್ಕೆ ಆ ಭಯವಿಲ್ಲ. ಅಲ್ಲದೆ ಅದು ನಾವು ಮಲಗಿರುವಾಗಲೂ ಬೆಳೆಯುತ್ತದೆ. ಮೆಚ್ಚಿದವನು ಇನ್ನೊಬ್ಬನ ಮುಂದೆ ಹೊಗಳುತ್ತಾನೆ, ಅವನು ಮತ್ತೊಬ್ಬನ ಮುಂದೆ. ಆದ್ದರಿಂದಲೇ ಮನುಷ್ಯ ಹಣಕ್ಕಿಂತ ಹೆಚ್ಚಾಗಿ ಅದಕ್ಕೆ ಹಾತೊರೆಯುತ್ತಾನೆ.

ತೋರಿಕೆ ಯಾವುದರ ಮೂಲಕ ನಡೆಯುತ್ತದೆ ಎಂಬ ವಿವರಣೆಯೂ ಹೀಗೆಯೇ ಇದೆ. ದೇಹದಿಂದ: ಬಾಡಿದ ಮುಖ, ಒಣಗಿದ ತುಟಿ, ರಾತ್ರಿಯಿಡೀ ಪ್ರಾರ್ಥಿಸಿದವನೆಂದು ಜನ ತಿಳಿಯಲಿ ಎಂದು. ಉಡುಪಿನಿಂದ: ತೇಪೆ ಹಾಕಿದ ಅಂಗಿ. ಮಾತಿನಿಂದ, ಕರ್ಮದಿಂದ. ಐದನೆಯದು ಅನುಯಾಯಿಗಳಿಂದ ಮತ್ತು ಭೇಟಿಗೆ ಬರುವವರಿಂದ: ಇಂಥ ದೊಡ್ಡವರು ನನ್ನ ಮನೆಗೆ ಬಂದಿದ್ದರು, ನಾನು ಇಷ್ಟು ಗುರುಗಳನ್ನು ಕಂಡಿದ್ದೇನೆ ಎಂದು ಹೇಳಿಕೊಳ್ಳುವುದು. ಗಣ್ಯರ ಜೊತೆ ನಿಂತು ತೆಗೆಸಿಕೊಂಡ ಫೋಟೋ ಒಂದನ್ನು ಬಿಟ್ಟರೆ ಈ ಪಟ್ಟಿಗೆ ನಾವು ಸೇರಿಸಬೇಕಾದುದು ಹೆಚ್ಚೇನಿಲ್ಲ. 15 ಕೀರಾತಿನ ಬಟ್ಟೆಯೂ ಒಂದು ಜಾಹೀರಾತಾಗಬಹುದು ಎಂಬುದು ಅದನ್ನು ಉಟ್ಟವರಿಗೇ ತಿಳಿದಿತ್ತು ಎಂಬುದನ್ನು ಗಮನಿಸಬೇಕು.

ಹಾಗಾದರೆ ಹೆಸರನ್ನು ಹಾಳು ಮಾಡಿಕೊಂಡರೆ ಆಯಿತೇ? ಖುರಾಸಾನಿನಲ್ಲಿ ಮಲಾಮತಿಗಳೆಂಬ ಸೂಫಿಗಳಿದ್ದರು. ಜನರ ನಿಂದೆಯನ್ನೇ ಬಯಸಿ ತಮ್ಮ ಒಳ್ಳೆಯತನವನ್ನು ಮುಚ್ಚಿಡುವುದು ಅವರ ದಾರಿ. ಗಝ್ಝಾಲಿ ಅಂಥ ಕಥೆಗಳನ್ನು ಹೇಳುತ್ತಾರೆ. ವಿರಾಗಿಯೆಂದು ಹೆಸರಾಗಿದ್ದ ಒಬ್ಬರು ಹಮಾಮಿಗೆ ಹೋಗಿ ಇನ್ನೊಬ್ಬರ ಬಟ್ಟೆ ತೊಟ್ಟು ಬೀದಿಯಲ್ಲಿ ನಿಂತರು, ಜನ ಹಿಡಿದು ಬಡಿದು 'ಹಮಾಮಿನ ಕಳ್ಳ' ಎಂದರು, ಅವರಿಗೆ ನೆಮ್ಮದಿಯಾಯಿತು. ಆದರೆ ಗಝ್ಝಾಲಿಯೊಳಗಿನ ಫಿಕ್‌ಹ್ ಪಂಡಿತ ಇಂಥದ್ದನ್ನು ಧರ್ಮಶಾಸ್ತ್ರದ ದೃಷ್ಟಿಯಿಂದ ಸಲೀಸಾಗಿ ಒಪ್ಪುವುದಿಲ್ಲ. ತೋರಿಕೆಯ ಭಯದಿಂದ ಒಳ್ಳೆಯ ಕೆಲಸವನ್ನೇ ಬಿಡುವುದನ್ನೂ ಅವರು ಮೆಚ್ಚುವುದಿಲ್ಲ. ಬಯಸದೆ ಬಂದ ಪ್ರಸಿದ್ಧಿ ತಪ್ಪಲ್ಲ, ಬಲಹೀನನಿಗೆ ಮಾತ್ರ ಅದು ಅಪಾಯ ಎಂಬುದು ಅವರ ನಿಲುವು. ಅದಕ್ಕೆ ಕೊಟ್ಟ ಹೋಲಿಕೆ ನೀರಿನದು: ಮುಳುಗುತ್ತಿರುವವರ ನಡುವೆ ಈಜು ಬಾರದವನು ಯಾರ ಕಣ್ಣಿಗೂ ಬೀಳದಿರುವುದು ಲೇಸು, ಎಲ್ಲರೂ ಅವನನ್ನೇ ಹಿಡಿದುಕೊಂಡು ಮುಳುಗುತ್ತಾರೆ. ಗಟ್ಟಿ ಈಜುಗಾರನನ್ನು ಮಾತ್ರ ಜನ ಗುರುತಿಸಬೇಕು.

ಕನ್ನಡದವರಿಗೆ ಇದು ಅಪರಿಚಿತ ವಿಚಾರವಲ್ಲ. ನಮ್ಮ ವಚನಕಾರರು ಮತ್ತು ದಾಸರು ಪದದ ಕೊನೆಗೆ ಸಹಿ ಹಾಕುವಾಗ ಹಾಕಿದ್ದು ತಮ್ಮ ಹೆಸರನ್ನಲ್ಲ, ದೇವರ ಹೆಸರನ್ನು. ಬಸವಣ್ಣನವರಿಗೆ ಕೂಡಲಸಂಗಮದೇವ, ಶಿಶುನಾಳದ ಶರೀಫ ಸಾಹೇಬರಿಗೆ ಶಿಶುನಾಳಧೀಶ. ಆದರೂ ಅಂಕಿತ ನೋಡಿದೊಡನೆ ಇದು ಯಾರದೆಂದು ಜನ ಹೇಳಿಬಿಡುತ್ತಾರೆ. ಹೆಸರನ್ನು ಅಳಿಸಲು ಇಟ್ಟುಕೊಂಡದ್ದೇ ಹೆಸರಾಗಿ ನಿಂತಿತು. ಇಂದು ಕನ್ನಡದಲ್ಲಿ ಬರೆಯುವ ಮುಸ್ಲಿಮರಿಗೆ ಈ ಪ್ರಶ್ನೆ ಇನ್ನೊಂದು ದಿಕ್ಕಿನಿಂದ ಎದುರಾಗುತ್ತದೆ. ಅವರು ಬ್ರಾಂಡ್ ಆಗಲು ಬಯಸಬೇಕಾಗಿಯೇ ಇಲ್ಲ, ವೇದಿಕೆಯವರು ಚೀಟಿ ಅಂಟಿಸಿಯೇ ಕರೆಯುತ್ತಾರೆ. ಒಂದು ವೇದಿಕೆಗೆ ಸಮುದಾಯವನ್ನು ಟೀಕಿಸುವ ಮುಸ್ಲಿಮ್ ಬೇಕು, ಇನ್ನೊಂದಕ್ಕೆ ಸಮರ್ಥಿಸುವ ಮುಸ್ಲಿಮ್ ಬೇಕು. ಮಳೆಯ ಬಗ್ಗೆ, ಅಡಿಕೆಯ ದರದ ಬಗ್ಗೆ ಮಾತಾಡಬಲ್ಲ ಮುಸ್ಲಿಮನನ್ನು ಕರೆಯುವವರು ಕಡಿಮೆ. ಕರೆದವರು ಕೊಟ್ಟ ಚೀಟಿಗೆ ತಕ್ಕಂತೆ ನಾವೇ ನಮ್ಮ ಮಾತನ್ನು ಕತ್ತರಿಸಿಕೊಳ್ಳತೊಡಗಿದಾಗ ಗಝ್ಝಾಲಿ ಹೇಳಿದ ರೋಗ ಶುರುವಾಯಿತೆಂದೇ ಅರ್ಥ.

ಗಝ್ಝಾಲಿಯವರ ಮೇಲೂ ಸಂಶಯ ಪಟ್ಟವರಿದ್ದಾರೆ. ನಿಝಾಮುಲ್ ಮುಲ್ಕ್‌ರನ್ನು ಕೊಂದ ಬಾತಿನಿಗಳ ಭಯದಿಂದಲೇ ಅವರು ಬಗ್ದಾದ್ ಬಿಟ್ಟರೆಂದು 20ನೇ ಶತಮಾನದ ವಿದ್ವಾಂಸ ಫರೀದ್ ಜಬ್ರ್ ವಾದಿಸಿದರು. ಅಂದಲೂಸ್‌ನ ಇಬ್ನ್ ರುಶ್ದ್, ಗಝ್ಝಾಲಿ ಅಶ್‌ಅರಿಗಳ ಜೊತೆ ಅಶ್‌ಅರಿ, ಸೂಫಿಗಳ ಜೊತೆ ಸೂಫಿ, ತತ್ವಜ್ಞಾನಿಗಳ ಜೊತೆ ತತ್ವಜ್ಞಾನಿ ಎಂದು ಚುಚ್ಚಿದರು. ಇವೆಲ್ಲಕ್ಕಿಂತ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಸಮಕಾಲೀನ ಅಬ್ದುಲ್ ಗಾಫಿರ್ ಫಾರಿಸಿಯವರ ಸಾಕ್ಷ್ಯ. ಅವರು ಗಝ್ಝಾಲಿಯನ್ನು ಮೊದಲಿನಿಂದ ಬಲ್ಲವರು. ಆಗ ಅವರಲ್ಲಿದ್ದ ಒರಟುತನ, ತನ್ನ ಬುದ್ಧಿ ಮತ್ತು ಮಾತಿನ ಬಗೆಗಿನ ಗರ್ವ, ಇತರರನ್ನು ಕಡೆಗಣಿಸುವ ನೋಟ ಎಲ್ಲವನ್ನೂ ಫಾರಿಸಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮರಳಿ ಬಂದ ಮೇಲಿನ ಸೌಮ್ಯ ಮನುಷ್ಯನನ್ನು ನೋಡಿ ಇದು ಹೊಸ ವೇಷವೆಂದೇ ಅವರು ಮೊದಲು ಎಣಿಸಿದ್ದರು. ಹಲವು ಸಲ ಭೇಟಿಯಾಗಿ ಪರೀಕ್ಷಿಸಿದ ಮೇಲೆ, ಇಲ್ಲ, ಮನುಷ್ಯ ನಿಜಕ್ಕೂ ಬದಲಾಗಿದ್ದಾನೆ ಎಂದು ಒಪ್ಪಿಕೊಂಡರು. ಆತ್ಮಕಥನವನ್ನು ಯಾರು ಬೇಕಾದರೂ ಅಂದವಾಗಿ ಬರೆದುಕೊಳ್ಳಬಹುದು. ಸಂಶಯದ ಕಣ್ಣಿನಿಂದ ನೋಡಿದ ಹಳೆಯ ಪರಿಚಿತನ ಮಾತು ಬೇರೆಯೇ ತೂಕದ್ದು.

ಆದರೂ ಕಥೆ ಅಷ್ಟು ಸರಳವಾಗಿ ಮುಗಿಯುವುದಿಲ್ಲ. 1106ರಲ್ಲಿ ನಿಝಾಮುಲ್ ಮುಲ್ಕ್‌ರ ಮಗ, ವಝೀರ ಫಖ್ರುಲ್ ಮುಲ್ಕ್ ಒತ್ತಾಯಿಸಿದಾಗ ಗಝ್ಝಾಲಿ ನಿಶಾಪುರದ ನಿಝಾಮಿಯಾದಲ್ಲಿ ಮತ್ತೆ ಪಾಠ ಹೇಳಲು ಒಪ್ಪಿದರು. ಹಿಂದೆ ಪ್ರತಿಷ್ಠೆ ಗಳಿಸುವ ವಿದ್ಯೆ ಕಲಿಸುತ್ತಿದ್ದೆ, ಈಗ ಪ್ರತಿಷ್ಠೆಯನ್ನು ಬಿಡುವ ವಿದ್ಯೆ ಕಲಿಸುತ್ತೇನೆ, ಆದ್ದರಿಂದ ಇದು ಮರಳುವಿಕೆಯಲ್ಲ ಎಂಬುದು ಅವರ ಸಮಜಾಯಿಷಿ. ಹಿಜರಿ 500 ಹೊಸ್ತಿಲಲ್ಲಿತ್ತು. ಪ್ರತಿ ಶತಮಾನದ ಆರಂಭದಲ್ಲಿ ಧರ್ಮವನ್ನು ನವೀಕರಿಸುವವರು ಬರುತ್ತಾರೆಂಬ ಹದೀಸನ್ನು ಅವರು ಈ ಸಂದರ್ಭದಲ್ಲಿ ನೆನೆಯುತ್ತಾರೆ. ಹೆಸರಿನ ಹಂಗು ತೊರೆದವರ ಬಾಯಲ್ಲಿ ಈ ಮಾತು ನಮ್ಮನ್ನು ಸ್ವಲ್ಪ ತಡೆದು ನಿಲ್ಲಿಸುತ್ತದೆ. ರಿಯಾ ಇರುವೆಯ ನಡಿಗೆಗಿಂತಲೂ ಸೂಕ್ಷ್ಮ ಎಂದು ಅವರೇ ಎಚ್ಚರಿಸಿದ್ದರಲ್ಲವೇ?

ನಿಶಾಪುರದಲ್ಲೂ ಅವರು ಕೊನೆಯವರೆಗೆ ಇರಲಿಲ್ಲ. ತೂಸ್‌ಗೆ ಮರಳಿ ಮನೆಯ ಪಕ್ಕದಲ್ಲೇ ಒಂದು ಮದ್ರಸ ಮತ್ತು ಸೂಫಿಗಳಿಗೆ ಖಾನಖಾ ನಡೆಸಿದರು. 1110ರ ಸುಮಾರಿಗೆ ಬಗ್ದಾದಿನ ಪೀಠ ಖಾಲಿಯಾದಾಗ ಮತ್ತೆ ಕರೆ ಬಂತು. ಈ ಸಲ ಅವರು ಪತ್ರ ಬರೆದು ನಿರಾಕರಿಸಿದರು. ತೂಸ್‌ನಲ್ಲಿ 150ರಷ್ಟು ವಿದ್ಯಾರ್ಥಿಗಳಿದ್ದಾರೆ, ಅವರನ್ನು ಬಿಟ್ಟು ಬರಲಾರೆ. ಮೊದಲು ಬಂದಾಗ ಒಂಟಿಯಾಗಿದ್ದೆ, ಈಗ ಸಂಸಾರವಿದೆ. ಹೆಬ್ರಾನಿನ ಪ್ರತಿಜ್ಞೆಯಿದೆ, ವಾದ ಮಾಡದೆ, ಖಲೀಫನಿಗೆ ಸಲಾಮು ಹೊಡೆಯದೆ ಬಗ್ದಾದಿನಲ್ಲಿ ಬದುಕಲಾಗದು ಎಂಬ ಕಾರಣಗಳನ್ನು ಕೊಟ್ಟರು. ಆ ಹೊತ್ತಿಗೆ ದೂರದ ಕೊರ್ಡೋವಾದಲ್ಲಿ ಅವರ 'ಇಹ್ಯಾ'ವನ್ನು ಸುಟ್ಟಾಗಿತ್ತು.

ಅವರು ತೀರಿಕೊಂಡದ್ದು 1111ರ ಡಿಸೆಂಬರ್ 18ರಂದು, ತೂಸ್‌ನಲ್ಲಿ. ಹದೀಸ್ ವಿಜ್ಞಾನ ಅವರ ದುರ್ಬಲ ವಿಷಯವೆಂದು, 'ಇಹ್ಯಾ'ದಲ್ಲಿ ದುರ್ಬಲ ಹದೀಸ್‌ಗಳಿವೆಯೆಂದು ವಿದ್ವಾಂಸರು ಆಕ್ಷೇಪಿಸುತ್ತಲೇ ಬಂದಿದ್ದಾರೆ. ಕೊನೆಯ ದಿನಗಳಲ್ಲಿ ಅವರು ಹದೀಸ್ ಬಲ್ಲವರ ಜೊತೆ ಕುಳಿತು ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳನ್ನು ಓದುತ್ತಿದ್ದರು ಎಂದು ಅದೇ ಅಬ್ದುಲ್ ಗಾಫಿರ್ ಫಾರಿಸಿ ಬರೆದಿದ್ದಾರೆ. ಆಗ 'ಹುಜ್ಜತುಲ್ ಇಸ್ಲಾಮ್' ಎಂಬ ಬಿರುದು ಹೊತ್ತ ಆ ವಿದ್ಯಾರ್ಥಿಯ ವಯಸ್ಸು ಐವತ್ತು ದಾಟಿತ್ತು.